ಅರಬ್ಬಿ ಪ್ರಾರ್ಥನೆಯಲ್ಲಿ 'ಅಲ್ಲಾಹ್' ಬದಲಿಗೆ ಕ್ರೈಸ್ತರಿಗೆ ಒಪ್ಪುವ ಪದ ಯಾವುದು?

ಯಾವ ಪದವನ್ನೂ ಹಾಕಬೇಡಿ, ಇದ್ದದ್ದನ್ನು ಇದ್ದಂತೆಯೇ ಬಿಡಿ. ಹನ್ನೆರಡು ವರ್ಷಗಳ ಹಿಂದೆ ಕುವೈತಿನಲ್ಲಿ, ಮಂಗಳೂರು ಕಡೆಯ ಕ್ಯಾಥೊಲಿಕರೂ ಲೆಬನಾನಿನವರೂ ಸೇರಿ ನಡೆಸಿದ ಕ್ರಿಸ್‌ಮಸ್ ಪ್ರಾರ್ಥನೆಗೆ ಹಾಳೆ ಸಿದ್ಧಪಡಿಸುವ ಹೊಣೆ ನನ್ನ ಮೇಲೆ ಬಿದ್ದಾಗ, 'ಮುಸ್ಲಿಮರ ದೇವರ ಹೆಸರು ಇಲ್ಲೇಕೆ' ಎಂದು ನಮ್ಮ ಹಿರಿಯರು ಕೇಳಿಯಾರೆಂಬ ಅಳುಕು ನನಗೂ ಇತ್ತು. ಅರಬ್ಬಿಯನ್ನು ಅಕ್ಷರ ಕೂಡಿಸಿ ಓದುವಷ್ಟು ಮಾತ್ರ ಬಲ್ಲ ನಾನು, 'ಪ್ರಭು' ಎಂಬರ್ಥದ 'ರಬ್ಬ್' ಪದವನ್ನು ಆರಿಸಿ, ಕಂಪ್ಯೂಟರಿನಲ್ಲಿ ಒಂದೇ ಏಟಿಗೆ ಎಲ್ಲ 'ಅಲ್ಲಾಹ್'ಗಳನ್ನೂ ಬದಲಿಸಿಬಿಟ್ಟೆ.

ಎಡವಿದ್ದು ಅಲ್ಲಿಯೇ. 1865ರಲ್ಲಿ ಬೈರೂತಿನಲ್ಲಿ ಪೂರ್ಣಗೊಂಡ ವ್ಯಾನ್ ಡೈಕ್ ಎಂಬ ಅರಬ್ಬಿ ಬೈಬಲು, ಹೀಬ್ರೂ ಮೂಲದಲ್ಲಿ 'ಯೆಹೋವ' ಬರುವಲ್ಲಿ 'ರಬ್ಬ್' ಎಂದೂ 'ದೇವರು' ಬರುವಲ್ಲಿ 'ಅಲ್ಲಾಹ್' ಎಂದೂ ಬಳಸುತ್ತದೆ. ಒಂದು ಪದ ಇನ್ನೊಂದರ ಕೆಲಸ ಮಾಡಲಾರದು. ನೂರನೆಯ ಕೀರ್ತನೆಯಲ್ಲಿ ರಬ್ಬನೇ ಅಲ್ಲಾಹ್ ಎಂದು ಅರಿಯಿರಿ ಎಂಬ ಮಾತಿದೆ. ನನ್ನ ಹಾಳೆಯಲ್ಲಿ ಅದು, ರಬ್ಬನೇ ರಬ್ಬ್ ಎಂದು ಅರಿಯಿರಿ ಎಂದಾಗಿತ್ತು. ಸಾಲದೆಂಬಂತೆ, ವಾಚನ ಮಾಡಬೇಕಿದ್ದ ಲೆಬನಾನಿನ ಹಿರಿಯರದು 'ದೇವರ ದಾಸ' ಎಂಬರ್ಥದ ಹೆಸರು. ಅರಬ್ ಕ್ರೈಸ್ತರಲ್ಲಿ ಅಪರೂಪವೇನಲ್ಲದ ಆ ಹೆಸರಿನ ಕೊನೆಯಲ್ಲಿದ್ದ 'ಅಲ್ಲಾಹ್' ಕೂಡ ಹಾರಿಹೋಗಿತ್ತು. ಅವರು ಬೈಯಲಿಲ್ಲ. ನೀಲಿ ಪೆನ್ನಿನಿಂದ ತಮ್ಮ ಹೆಸರಿನ ಕೆಳಗೆ ಗೆರೆ ಎಳೆದು, "ಅಪ್ಪ ಇಟ್ಟ ಹೆಸರು ನಿಮಗೇಕೆ ಬೇಡವಾಯಿತು?" ಎಂದು ಕೇಳಿದರು.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಅರಬ್ಬಿ ಮಾತಾಡುವ ಕ್ರೈಸ್ತರಿಗೆ ಅದು ಎರವಲು ಪದವಲ್ಲ, ಮನೆಮಾತಿನ 'ದೇವರು'. ಈಜಿಪ್ಟಿನ ಸೀನಾಯ್ ಮಠದಲ್ಲಿರುವ, ಬೈಬಲಿನ ಪೌಲನ ಪತ್ರಗಳ 867ರ ಅರಬ್ಬಿ ಹಸ್ತಪ್ರತಿಯ ಕಾಲದಿಂದ ಇಂದಿನವರೆಗೂ ಅದು ಅವರ ಬಾಯಲ್ಲಿದೆ. ಮಾಲ್ಟಾದ ಕ್ಯಾಥೊಲಿಕರೂ ತಮ್ಮ ಭಾಷೆಯಲ್ಲಿ 'ಅಲ್ಲಾ' ಎಂದೇ ಪ್ರಾರ್ಥಿಸುತ್ತಾರೆ. ಕೇರಳದ ಸುರಿಯಾನಿ ಪೂಜೆಯಲ್ಲಿ ಕೇಳಿಬರುವ 'ಆಲೋಹೊ' ಇದರದೇ ಒಡಹುಟ್ಟು. ಅಷ್ಟೇಕೆ, ಕನ್ನಡ ಕ್ಯಾಥೊಲಿಕ್ ಬೈಬಲಿನಲ್ಲಿ ನಾವು 'ಸರ್ವೇಶ್ವರ' ಎಂದು ಓದುವಾಗ, ಇದು ಶೈವರ ಪದವಲ್ಲವೇ ಎಂದು ಯಾರೂ ತಡೆಯುವುದಿಲ್ಲ.

ನಿಮ್ಮ ಹಾಳೆಯಲ್ಲಿ ಕನ್ನಡ, ಅರಬ್ಬಿ ಎರಡೂ ಅಕ್ಕಪಕ್ಕ ಇರುವುದಾದರೆ, ಕನ್ನಡದ ಕಂಬಸಾಲಿನಲ್ಲಿ 'ದೇವರು' ಎಂದೇ ಬರೆಯಿರಿ. ಅರಬ್ಬಿಯ ಕಂಬಸಾಲನ್ನು ಮುದ್ರಣಕ್ಕೆ ಮೊದಲು ಆ ಭಾಷೆಯಲ್ಲಿ ಪ್ರಾರ್ಥಿಸುವ ಒಬ್ಬರ ಕೈಗೆ ಕೊಡಿ. ನಾನು ಮುದ್ರಣವಾದ ಮೇಲೆ ಕೊಟ್ಟಿದ್ದರಿಂದ ಆ ರಾತ್ರಿಯಿಡೀ ಕೂತು ಇನ್ನೂರು ಹಾಳೆಗಳನ್ನು ಮತ್ತೆ ಮುದ್ರಿಸಬೇಕಾಯಿತು.