ಅಡ್ಡಗೋಡೆಯ ಮೇಲಿನ ದೀಪ: ಒಂದು ಸಿನಿಮಾ ಲೇಖನಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

2008ರ ಜೇಮ್ಸ್ ಬಾಂಡ್ ಚಿತ್ರ ‘ಕ್ವಾಂಟಮ್ ಆಫ್ ಸೊಲೇಸ್’ ಕುರಿತು ಪ್ರೇಕ್ಷಕರ ಭಿನ್ನಾಭಿಪ್ರಾಯಗಳನ್ನು ಸಂಗ್ರಹಿಸಿ ನೀವು ಕಳುಹಿಸಿದ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲ. ಹಾಗೆಂದು ಎರಡು ಸಾಲಿನ ವಿಷಾದಪತ್ರ ಬರೆದು ಕೈತೊಳೆದುಕೊಳ್ಳಲು ಮನಸ್ಸು ಒಪ್ಪಲಿಲ್ಲ. ಲೇಖನದ ಆರನೆಯ ಪುಟದಲ್ಲಿ, ನೀವೇ ಅಷ್ಟಾಗಿ ಗಮನಿಸದೆ ಬರೆದುಬಿಟ್ಟಂತಿರುವ ಒಂದು ವಾಕ್ಯವಿದೆ. ಅದನ್ನು ಬರೆದವರಿಗೆ ಸಿನಿಮಾ ನೋಡುವ ಕಣ್ಣಿದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆ ವಾಕ್ಯದ ವಿಚಾರಕ್ಕೆ ಆಮೇಲೆ ಬರುತ್ತೇನೆ.

ನೀವು ಹನ್ನೊಂದು ಜನರನ್ನು ಮಾತನಾಡಿಸಿದ್ದೀರಿ. ಐವರಿಗೆ ಚಿತ್ರ ಇಷ್ಟವಾಗಿದೆ, ನಾಲ್ವರಿಗೆ ಇಷ್ಟವಾಗಿಲ್ಲ, ಉಳಿದಿಬ್ಬರು ‘ಒಮ್ಮೆ ನೋಡಬಹುದು’ ಎಂದಿದ್ದಾರೆ. ಒಬ್ಬೊಬ್ಬರಿಗೂ ಒಂದೊಂದು ಪ್ಯಾರಾ ಹಂಚಿ, ಕೊನೆಯಲ್ಲಿ ‘ಒಟ್ಟಿನಲ್ಲಿ ಚಿತ್ರಕ್ಕೆ ಮಿಶ್ರ ಪ್ರತಿಕ್ರಿಯೆ ದೊರೆತಿದೆ’ ಎಂದು ಮುಗಿಸಿದ್ದೀರಿ. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಎನ್ನುವುದು ಇದಕ್ಕೇ. ಜನ ಒಂದೇ ಚಿತ್ರವನ್ನು ಬೇರೆಬೇರೆಯಾಗಿ ನೋಡುತ್ತಾರೆ ಎಂಬುದು ಯಾವ ಚಿತ್ರದ ಮಟ್ಟಿಗೂ ಸುದ್ದಿಯಲ್ಲ. ಈ ಚಿತ್ರದ ಯಾವ ಜಾಗದಲ್ಲಿ, ಯಾವ ದೃಶ್ಯದ ಮುಂದೆ ಅವರ ದಾರಿಗಳು ಕವಲೊಡೆದವು ಎಂಬುದನ್ನು ಓದುಗ ತಿಳಿಯಬಯಸುತ್ತಾನೆ. ಅದನ್ನು ನೀವು ಕೇಳಿಲ್ಲ, ಕೇಳಿದ್ದರೂ ಬರೆದಿಲ್ಲ.

ಉದಾಹರಣೆಗೆ, ನಿಮ್ಮ ಎರಡನೆಯ ಪ್ರೇಕ್ಷಕರು ಚಿತ್ರ ‘ಚುರುಕಾಗಿದೆ’ ಎಂದು ಮೆಚ್ಚಿದ್ದಾರೆ, ಏಳನೆಯವರು ‘ಅವಸರದಲ್ಲಿ ಮಾಡಿದಂತಿದೆ’ ಎಂದು ದೂರಿದ್ದಾರೆ. ನೀವು ಒಂದನ್ನು ಹೊಗಳಿಕೆಯ ಖಾತೆಗೂ ಇನ್ನೊಂದನ್ನು ತೆಗಳಿಕೆಯ ಖಾತೆಗೂ ಜಮಾ ಮಾಡಿದ್ದೀರಿ. ಆದರೆ ಇಬ್ಬರೂ ಹೇಳುತ್ತಿರುವುದು ಒಂದೇ ಸಂಗತಿಯನ್ನು. ಹಿಂದಿನ ಬಾಂಡ್ ಚಿತ್ರ, 2006ರ ‘ಕ್ಯಾಸಿನೊ ರಾಯಲ್’, 144 ನಿಮಿಷಗಳದ್ದು. ಇದು 106 ನಿಮಿಷಗಳಲ್ಲೇ ಮುಗಿಯುತ್ತದೆ. ಕತ್ತರಿಸಿ ಹೋದ ಆ 38 ನಿಮಿಷಗಳಲ್ಲಿ ಏನಿರಬಹುದಿತ್ತು ಎಂದು ಯೋಚಿಸಿ: ಹಿಂದಿನ ಚಿತ್ರದಲ್ಲಿ ಜನರು ಕುಳಿತು ಮಾತನಾಡುತ್ತಿದ್ದರು, ಇಸ್ಪೀಟು ಆಡುತ್ತಿದ್ದರು, ಒಬ್ಬರನ್ನೊಬ್ಬರು ಅಳೆಯುತ್ತಿದ್ದರು, ಇಲ್ಲಿ ಯಾರಿಗೂ ಕುಳಿತುಕೊಳ್ಳಲು ಪುರುಸೊತ್ತಿಲ್ಲ. ಅದನ್ನು ವೇಗವೆಂದು ಸವಿದವರು ಒಂದು ಕಡೆ ನಿಂತರೆ, ಕೊರತೆಯೆಂದು ಕಂಡವರು ಇನ್ನೊಂದು ಕಡೆ ನಿಂತರು. ಈ ಎರಡು ಮಾತುಗಳನ್ನು ಎದುರುಬದುರು ಇಟ್ಟಿದ್ದರೆ ಸಾಕಿತ್ತು, ನಿಮ್ಮ ಲೇಖನಕ್ಕೆ ಬೆನ್ನುಮೂಳೆ ಸಿಗುತ್ತಿತ್ತು.

ಇನ್ನೊಂದು ಪ್ರಶ್ನೆಯನ್ನೂ ನೀವು ಕೇಳಬೇಕಿತ್ತು: ಇವರು ಹಿಂದಿನ ಚಿತ್ರವನ್ನು ಯಾವಾಗ ನೋಡಿದ್ದರು? ಬಾಂಡ್ ಸರಣಿಯಲ್ಲಿ ಹಿಂದಿನ ಕಥೆಯ ಬಾಲವನ್ನು ನೇರವಾಗಿ ಹಿಡಿದು ಹೊರಡುವ ಮೊದಲ ಚಿತ್ರ ಇದು. ಇಪ್ಪತ್ತೊಂದನೆಯ ಚಿತ್ರ ಮುಗಿದ ಕೆಲವೇ ಹೊತ್ತಿನ ನಂತರ ಈ ಇಪ್ಪತ್ತೆರಡನೆಯದು ಆರಂಭವಾಗುತ್ತದೆ. ಹಿಂದೆ ಕಾಲಿಗೆ ಗುಂಡು ತಿಂದು ಬಿದ್ದಿದ್ದ, ಸಂಚುಗಾರರ ಕೂಟದ ಮಿಸ್ಟರ್ ವೈಟ್ ಇಲ್ಲಿ ಕಾರಿನ ಡಿಕ್ಕಿಯಲ್ಲಿ ಬಂದಿಯಾಗಿದ್ದಾನೆ. ಹಿಂದಿನ ಚಿತ್ರದಲ್ಲಿ ಬಾಂಡ್ ಪ್ರೀತಿಸಿದ್ದ ವೆಸ್ಪರ್ ಯಾರು, ಅವಳ ಸಾವು ಬಾಂಡನನ್ನು ಏಕೆ ಹೀಗೆ ಕಲ್ಲಾಗಿಸಿದೆ ಎಂಬುದನ್ನು ಚಿತ್ರ ಬಿಡಿಸಿ ಹೇಳುವುದಿಲ್ಲ. ಚಿತ್ರಮಂದಿರದಲ್ಲಿ ಎರಡು ವರ್ಷಗಳ ಅಂತರದಲ್ಲಿ ನೋಡಿದವರಿಗೆ ಅದು ಮರೆತುಹೋದ ಸಂಗತಿ. ಎರಡನ್ನೂ ಒಂದೇ ದಿನ ಬೆನ್ನುಬೆನ್ನಿಗೆ ನೋಡುವವರಿಗೆ ಮಾತ್ರ, ಕೊನೆಯಲ್ಲಿ ರಷ್ಯಾದ ಕಜಾನ್ ನಗರದ ಹಿಮದ ಮೇಲೆ ಬಾಂಡ್ ವೆಸ್ಪರ್‌ಳ ಸರವನ್ನು ಬಿಟ್ಟು ನಡೆಯುವಾಗ ಗಂಟಲು ಬಿಗಿಯುತ್ತದೆ. (ನಾನು ಎರಡೂ ಬಗೆಯಲ್ಲಿ ನೋಡಿದ್ದೇನೆ. ಮೊದಲ ಸಲ ಬೇಸರಪಟ್ಟವನು ನಾನೇ, ಎರಡನೆಯ ಸಲ ಅದನ್ನು ಹಿಂತೆಗೆದುಕೊಂಡವನೂ ನಾನೇ.)

ಈಗ ಆರನೆಯ ಪುಟಕ್ಕೆ ಬರೋಣ. ಇಟಲಿಯ ಸಿಯೆನಾ ನಗರದ ದೃಶ್ಯ ನಡೆಯುತ್ತಿದ್ದಾಗ ಪಕ್ಕದಲ್ಲಿದ್ದ ನಿಮ್ಮ ಗೆಳೆಯ ಕತ್ತಲಲ್ಲಿ ‘ಬಿದ್ದದ್ದು ಯಾರು?’ ಎಂದು ಕೇಳಿದ ಎಂದು ನೀವು ಬರೆದಿದ್ದೀರಿ. ಬರೆದು, ಅಲ್ಲಿಗೇ ಬಿಟ್ಟು, ಮುಂದಿನ ಪ್ರೇಕ್ಷಕರ ಅಭಿಪ್ರಾಯಕ್ಕೆ ಹೋಗಿದ್ದೀರಿ. ನನ್ನ ಮಟ್ಟಿಗೆ ನಿಮ್ಮ ಹನ್ನೊಂದು ಅಭಿಪ್ರಾಯಗಳ ತೂಕ ಆ ಒಂದು ಪ್ರಶ್ನೆಗಿದೆ. ಬಾಂಡ್ ಮತ್ತು ಅವನದೇ ಬೇಹುಗಾರಿಕಾ ಸಂಸ್ಥೆಯೊಳಗಿದ್ದ ದ್ರೋಹಿ ಮಿಚೆಲ್ ಗಾಜಿನ ಚಾವಣಿಯನ್ನು ಒಡೆದುಕೊಂಡು, ದುರಸ್ತಿ ನಡೆಯುತ್ತಿರುವ ಕಟ್ಟಡದ ಸಾರುವೆಯ ಮೇಲೆ ಬೀಳುತ್ತಾರೆ. ಹಗ್ಗಗಳು, ಹಲಗೆಗಳು, ತೂಗಾಡುವ ಎರಡು ದೇಹಗಳು, ಇಬ್ಬರ ಮೈಮೇಲೂ ಕಡುಬಣ್ಣದ ಸೂಟು. ಒಬ್ಬನ ಕೈ ಪಿಸ್ತೂಲಿನತ್ತ ಚಾಚುತ್ತಿರುವಾಗ ಅದು ಯಾರ ಕೈ ಎಂದು ಕಣ್ಣು ಗುರುತಿಸುವ ಮೊದಲೇ ಚಿತ್ರಿಕೆ (ಶಾಟ್) ಬದಲಾಗಿರುತ್ತದೆ. ನಿಮ್ಮ ಗೆಳೆಯನ ಪ್ರಶ್ನೆ ಹುಟ್ಟಿದ್ದು ಅಲ್ಲಿ. ನೀವು ಮಾತನಾಡಿಸಿದ ನಾಲ್ವರು ‘ಸಾಹಸದೃಶ್ಯಗಳು ಗೊಂದಲಮಯ’ ಎಂದದ್ದು, ಇಬ್ಬರು ‘ನಾವೇ ಹೊಡೆದಾಟದ ಒಳಗಿದ್ದಂತೆ ಅನ್ನಿಸಿತು’ ಎಂದದ್ದು, ಎರಡೂ ಬಹುಶಃ ಇದೇ ಕೆಲವು ಸೆಕೆಂಡುಗಳ ಬಗ್ಗೆ.

ಇಲ್ಲಿ ನೀವು ಒಂದು ಅವಸರದ ತೀರ್ಪನ್ನೂ ಕೊಟ್ಟಿದ್ದೀರಿ: ‘ಹಾಲಿವುಡ್ ಬರಹಗಾರರ ಮುಷ್ಕರದಿಂದಾಗಿ ಚಿತ್ರ ಕೆಟ್ಟಿತು’ ಎಂದು. ಮುಷ್ಕರ ನಡೆದದ್ದು ನಿಜ. 2007ರ ನವೆಂಬರ್ 5ರಂದು ಆರಂಭವಾಗಿ 2008ರ ಫೆಬ್ರವರಿ 12ರಂದು ಮುಗಿಯಿತು, ಚಿತ್ರೀಕರಣ ಆರಂಭವಾದದ್ದು ಅದರ ನಡುವೆಯೇ, ಜನವರಿಯಲ್ಲಿ. ಚಿತ್ರಕಥೆಯನ್ನು ತಿದ್ದಲು ಬರಹಗಾರರು ಸಿಗದೆ ತಾನೇ ದೃಶ್ಯಗಳನ್ನು ತಿದ್ದಿ ಬರೆಯಬೇಕಾಯಿತೆಂದು ನಾಯಕ ಡೇನಿಯಲ್ ಕ್ರೇಗ್ ನಂತರ ಹೇಳಿಕೊಂಡಿದ್ದಾರೆ. ಖಳನಾಯಕ ಡೊಮಿನಿಕ್ ಗ್ರೀನ್ ಅರೆಬೆಂದವನಂತೆ ಕಾಣುವುದಕ್ಕೆ, ಕೆಲವು ಸಂಭಾಷಣೆಗಳು ನಡುವೆಯೇ ತುಂಡಾದಂತೆ ಕೇಳುವುದಕ್ಕೆ ಇದು ಕಾರಣವಿರಬಹುದು. ಆದರೆ ಸಾರುವೆಯ ಮೇಲಿನ ಹೊಡೆದಾಟ ಅರ್ಥವಾಗದಿರುವುದಕ್ಕೂ ಮುಷ್ಕರಕ್ಕೂ ಏನು ಸಂಬಂಧ? ಅದು ಬೇಕೆಂದೇ ಆರಿಸಿಕೊಂಡ ಶೈಲಿ. ಸಾಹಸದೃಶ್ಯಗಳನ್ನು ಚಿತ್ರೀಕರಿಸಿದ ಎರಡನೆಯ ಘಟಕದ ನಿರ್ದೇಶಕ ಡಾನ್ ಬ್ರಾಡ್ಲಿಯೂ ಸಂಕಲನಕಾರರಲ್ಲಿ ಒಬ್ಬರಾದ ರಿಚರ್ಡ್ ಪಿಯರ್ಸನ್ನರೂ ಜೇಸನ್ ಬೋರ್ನ್ ಎಂಬ ಗೂಢಚಾರನ ಚಿತ್ರಗಳಲ್ಲಿ ಕೆಲಸ ಮಾಡಿ ಬಂದವರು. ಅಲುಗುವ ಕ್ಯಾಮೆರಾ, ಕ್ಷಣಕ್ಕೊಂದು ಚಿತ್ರಿಕೆ ಎಂಬ ಆ ಮಾದರಿ ಗೂಢಚಾರ ಚಿತ್ರಗಳಲ್ಲಿ ಆಗ ತುಂಬ ಚಾಲ್ತಿಯಲ್ಲಿತ್ತು. ಬಾಂಡ್ ಚಿತ್ರಕ್ಕೆ ಅದು ಒಗ್ಗಿತೇ ಇಲ್ಲವೇ ಎಂಬುದು ಈ ಪ್ರೇಕ್ಷಕರ ಜಗಳದ ಒಳಗುಟ್ಟು. ನನ್ನ ಮಟ್ಟಿಗೆ ಒಗ್ಗಲಿಲ್ಲ: ಬಾಂಡ್ ಎಂಬವನು ತಣ್ಣಗೆ ಲೆಕ್ಕ ಹಾಕಿ ಹೊಡೆಯುವವನು, ಆ ಲೆಕ್ಕ ನಮ್ಮ ಕಣ್ಣಿಗೆ ಕಾಣಬೇಕು. ನೀವು ಇದನ್ನು ಒಪ್ಪಬೇಕಾಗಿಲ್ಲ. ಒಪ್ಪದಿದ್ದರೆ ಏಕೆಂದು ಬರೆಯಿರಿ.

ಇದೇ ಚಿತ್ರದಲ್ಲಿ ಇದಕ್ಕೆ ಎದುರಾಗಿ ನಿಲ್ಲುವ ಇನ್ನೊಂದು ದೃಶ್ಯವಿದೆ. ಆಸ್ಟ್ರಿಯಾದ ಬ್ರೆಗೆಂಜ್‌ನ ಸರೋವರದ ಮೇಲಿನ ತೇಲುರಂಗದಲ್ಲಿ, ಒಂದು ಬೃಹತ್ ಕಣ್ಣಿನ ಸೆಟ್ಟಿನ ಮುಂದೆ, ‘ಟೋಸ್ಕಾ’ ಆಪೆರಾ ನಡೆಯುತ್ತಿರುತ್ತದೆ. ಸಂಚುಗಾರರು ಪ್ರೇಕ್ಷಕರ ನಡುವೆ ಚದುರಿ ಕುಳಿತು ಕಿವಿಯ ಯಂತ್ರದಲ್ಲಿ ಸಭೆ ನಡೆಸುತ್ತಿದ್ದಾರೆ. ಬಾಂಡ್ ಅವರ ಮಾತಿನ ನಡುವೆ ಬಾಯಿ ಹಾಕಿದ ಕೂಡಲೇ ಒಬ್ಬೊಬ್ಬರೇ ಗಾಬರಿಯಿಂದ ಎದ್ದು ಹೊರಡುತ್ತಾರೆ, ಎದ್ದವರ ಫೋಟೊವನ್ನು ಅವನು ತೆಗೆದುಕೊಳ್ಳುತ್ತಾನೆ. ಅಷ್ಟರಲ್ಲಿ ಸೆರೆಯಿಂದ ತಪ್ಪಿಸಿಕೊಂಡಿದ್ದ, ಏಳದೆ ಕುಳಿತ ಚಾಣಾಕ್ಷ ಮಿಸ್ಟರ್ ವೈಟ್ ಮಾತ್ರ, ಟೋಸ್ಕಾ ಎಲ್ಲರಿಗೂ ರುಚಿಸುವಂಥದ್ದಲ್ಲ ಎಂದು ಪಕ್ಕದವರಿಗೆ ಹೇಳುತ್ತಾನೆ. (ಪ್ರೇಕ್ಷಕರ ಭಿನ್ನಾಭಿಪ್ರಾಯದ ಬಗ್ಗೆ ಬರೆಯುವವರು ಈ ಮಾತನ್ನು ಹೇಗೆ ಕೈಬಿಟ್ಟಿರೋ!) ನಂತರದ ಗುಂಡಿನ ಕಾಳಗದಲ್ಲಿ ಪಿಸ್ತೂಲುಗಳ ಸದ್ದು ಅಡಗಿ ಆ ಆಪೆರಾದ ಸಂಯೋಜಕ ಪುಚ್ಚೀನಿಯ ಸಂಗೀತವೊಂದೇ ಉಳಿಯುತ್ತದೆ. ನಿಮ್ಮ ಹನ್ನೊಂದು ಮಂದಿಯಲ್ಲಿ ಮೂವರು ಇದನ್ನು ಮೆಚ್ಚಿದ್ದಾರೆ, ಅವರಲ್ಲಿ ಒಬ್ಬರು ಉಳಿದ ಚಿತ್ರವನ್ನು ಪೂರ್ತಿ ತಿರಸ್ಕರಿಸಿದವರು. ಅದು ಎಂಥ ಸುಳಿವು ನೋಡಿ! ಅವರಿಗೆ ಬೇಡವಾದದ್ದು ಸಾಹಸವಲ್ಲ, ತಾಳ ತಪ್ಪಿದ ಸಾಹಸ. ಆ ಒಬ್ಬರೊಡನೆ ಮತ್ತೊಮ್ಮೆ ಮಾತನಾಡಿ.

ಕಥೆಯ ತಿರುಳಾದ ನೀರಿನ ವಿಚಾರವನ್ನು ಒಬ್ಬರು ‘ಸಪ್ಪೆ’ ಎಂದರೆಂದು ಬರೆದು ಬಿಟ್ಟಿದ್ದೀರಿ. ಎಲ್ಲರೂ ಎಣ್ಣೆಗಾಗಿ ನಡೆದ ಸಂಚೆಂದು ಭಾವಿಸಿರುವಾಗ ಗ್ರೀನ್ ಬೊಲಿವಿಯಾದ ನೀರನ್ನು ನೆಲದಡಿಯಲ್ಲಿ ಅಣೆಕಟ್ಟು ಹಾಕಿ ತಡೆದಿದ್ದಾನೆ, ಕೊನೆಗೆ ಅದೇ ನೀರನ್ನು ದುಪ್ಪಟ್ಟು ದರಕ್ಕೆ ಮಾರುವ ಒಪ್ಪಂದಕ್ಕೆ ಸೇನಾಧಿಕಾರಿಯಿಂದ ಸಹಿ ಹಾಕಿಸಿಕೊಳ್ಳುತ್ತಾನೆ. ಇದು ಹಾರಿಕೆಯ ಕಲ್ಪನೆಯಲ್ಲ. ಬೊಲಿವಿಯಾದ ಕೊಚಬಾಂಬಾ ನಗರದಲ್ಲಿ ನೀರು ಪೂರೈಕೆಯನ್ನು ಖಾಸಗಿಯವರಿಗೆ ವಹಿಸಿ ದರ ಏರಿದಾಗ ಜನ ಬೀದಿಗಿಳಿದು, 2000ದ ಏಪ್ರಿಲ್‌ನಲ್ಲಿ ಸರ್ಕಾರ ಆ ಒಪ್ಪಂದವನ್ನೇ ಕೈಬಿಡಬೇಕಾಯಿತು. ಜಗತ್ತನ್ನು ಸುಟ್ಟುಬಿಡುವ ಖಳನನ್ನು ಬಯಸಿ ಬಂದವರಿಗೆ ನೀರಿನ ಬಿಲ್ಲು ಹೆಚ್ಚಿಸುವ ಖಳ ಸಪ್ಪೆಯೆನಿಸಿದರೆ ಆಶ್ಚರ್ಯವಿಲ್ಲ. ಸಪ್ಪೆಯೆಂದವರ ಹಿಂದಿರುವ ನಿರೀಕ್ಷೆಯನ್ನು ನೀವು ಒಂದು ವಾಕ್ಯದಲ್ಲಾದರೂ ತೋರಿಸಬೇಕಿತ್ತು.

ಸಣ್ಣಪುಟ್ಟವು: ‘ಕಣ್ಣಿಗೆ ಹಬ್ಬ’, ‘ಪೈಸಾ ವಸೂಲ್’, ‘ಸೀಟಿನ ತುದಿಗೆ ತರುವ’ ಇವು ಮೂರನ್ನೂ ತೆಗೆಯಿರಿ. ಮೊದಲ ಎರಡು ಪುಟಗಳ ಕಥಾಸಾರಾಂಶವನ್ನು ಅರ್ಧ ಪುಟಕ್ಕೆ ಇಳಿಸಿ. ಮರುಭೂಮಿಯ ಹೋಟೆಲನ್ನು ಹೊರಗೂ ಒಳಗೂ ಚಿತ್ರಕ್ಕಾಗಿಯೇ ಕಟ್ಟಿದರೆಂದು ಬರೆದಿದ್ದೀರಿ, ಅದು ತಪ್ಪು. ಹೊರಗಿನಿಂದ ಕಾಣುವುದು ಚಿಲಿ ದೇಶದ ಅಟಕಾಮಾ ಮರುಭೂಮಿಯ ಪಾರನಾಲ್ ವೀಕ್ಷಣಾಲಯದಲ್ಲಿ ಖಗೋಳವಿಜ್ಞಾನಿಗಳು ತಂಗುವ ಕಟ್ಟಡ.

ತಿದ್ದಿದ ಪ್ರತಿಯನ್ನು ಕಳುಹಿಸುವುದಾದರೆ ಹನ್ನೊಂದು ಜನರಲ್ಲಿ ನಾಲ್ವರನ್ನು ಉಳಿಸಿಕೊಂಡರೆ ಸಾಕು. ಸಿಯೆನಾದ ದೃಶ್ಯದಿಂದಲೇ ಆರಂಭಿಸಿ ನೋಡಿ. ಅಂದ ಹಾಗೆ, ‘ಬಿದ್ದದ್ದು ಯಾರು?’ ಎಂದು ಗೆಳೆಯ ಕೇಳಿದಾಗ ನೀವು ಏನು ಹೇಳಿದಿರಿ ಎಂಬುದು ಲೇಖನದಲ್ಲಿಲ್ಲ. ಉತ್ತರ ಗೊತ್ತಿತ್ತೇ, ಅಥವಾ ನೀವೂ ಪರದೆಯ ಮೇಲೆ ಅದನ್ನೇ ಹುಡುಕುತ್ತಿದ್ದಿರೇ?

ಇಂತಿ,
ಸಂಪಾದಕ