ಚಿಕಿತ್ಸೆ ಮುಗಿದ ಮೇಲೆ ಅಮ್ಮ ಮಂಕಾಗಿದ್ದಾರೆ

ಪ್ರಶ್ನೆ: ನನ್ನ ತಾಯಿಗೆ 49 ವರ್ಷ. ಎಡಸ್ತನದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ, ಕೀಮೋ ಮುಗಿದು ಐದು ತಿಂಗಳಾಯಿತು. ಈಗ ಕ್ಯಾನ್ಸರ್ ಮರಳದಂತೆ ಕೊಡುವ ಟ್ಯಾಮೋಕ್ಸಿಫೆನ್ ಮಾತ್ರೆ ನಡೆದಿದೆ. ಆಗ ನಮಗೇ ಧೈರ್ಯ ಹೇಳುತ್ತಿದ್ದವರು ಈಗ ಸೆರಗನ್ನು ಬಿಗಿಯಾಗಿ ಹೊದ್ದು ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಾರೆ. ಅರಿಶಿನ-ಕುಂಕುಮಕ್ಕೆ ಕರೆದರೂ ಹೋಗುವುದಿಲ್ಲ. ಮನೋವೈದ್ಯರ ಹೆಸರೆತ್ತಿದರೆ ‘ನನಗೇನು ಹುಚ್ಚೇ’ ಎನ್ನುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಹಾವೇರಿ

ಉತ್ತರ: ಮುಂದಿನ ಕೀಮೋ ಯಾವಾಗ, ರಕ್ತದ ವರದಿ ಏನಾಯಿತು ಎಂಬ ಓಡಾಟದಲ್ಲಿ ದುಃಖಪಡುವುದಕ್ಕೂ ಬಿಡುವಿರುವುದಿಲ್ಲ. ಆಸ್ಪತ್ರೆಯ ಅಲೆದಾಟ ನಿಂತು, ನೋಡಲು ಬರುವವರೂ ಕಡಿಮೆಯಾದ ಮೇಲೆಯೇ ಕಳೆದುಕೊಂಡ ಅಂಗದ ಸಂಕಟ, ರೋಗ ಮರಳೀತೆಂಬ ಭಯ ಎರಡೂ ಒಟ್ಟಿಗೆ ಮೇಲೇಳುತ್ತವೆ. ‘ಗುಣವಾಯಿತಲ್ಲ, ಇನ್ನೇನು ಚಿಂತೆ’ ಎಂದು ದಯವಿಟ್ಟು ಯಾರೂ ಅವರಿಗೆ ಹೇಳಬೇಡಿ. ಆ ಮಾತು ಕೇಳಿದವರು ತಮ್ಮ ನೋವನ್ನು ಮತ್ತೆ ಬಾಯಿಬಿಟ್ಟು ಹೇಳುವುದಿಲ್ಲ.

ಕೀಮೋದ ಸುಸ್ತು ತಿಂಗಳುಗಟ್ಟಲೆ ಉಳಿಯಬಹುದು. ಆದರೆ ಸುಸ್ತಾದವರಿಗೆ ಮನಸ್ಸಿದ್ದರೂ ಮೈ ಏಳುವುದಿಲ್ಲ, ಖಿನ್ನತೆಯಲ್ಲಿ ಆ ಮನಸ್ಸೇ ಇರುವುದಿಲ್ಲ. ಬೇಸರ, ನಿರಾಸಕ್ತಿ ಎರಡು ವಾರ ಮೀರಿ ದಿನವಿಡೀ ಕಾಡುತ್ತಿದ್ದರೆ ಅದು ಚಿಕಿತ್ಸೆ ಬೇಕಾದ ಕಾಯಿಲೆ, ಧೈರ್ಯದ ಕೊರತೆಯಲ್ಲ. ಕೀಮೋದಿಂದ ಮುಟ್ಟು ನಿಂತು, ರಾತ್ರಿ ಮೈಯೆಲ್ಲ ಬಿಸಿಯೇರಿ ನಿದ್ರೆ ಕೆಡುತ್ತಿದ್ದರೆ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ರಕ್ತಹೀನತೆ, ಥೈರಾಯ್ಡ್ ತೊಂದರೆಗಳನ್ನೂ ಪರೀಕ್ಷಿಸಿಕೊಳ್ಳಬೇಕು.

ಒಂದು ವಿಷಯವನ್ನು ಮರೆಯಲೇಬೇಡಿ. ಖಿನ್ನತೆಗೆ ಕೊಡುವ ಪ್ಯಾರಾಕ್ಸೆಟಿನ್, ಫ್ಲುವಾಕ್ಸೆಟಿನ್ ಮಾತ್ರೆಗಳು ಯಕೃತ್ತಿನಲ್ಲಿ ಟ್ಯಾಮೋಕ್ಸಿಫೆನ್ ಸಕ್ರಿಯ ರೂಪಕ್ಕೆ ಬದಲಾಗುವುದನ್ನು ತಡೆಯುತ್ತವೆ. ಆದ್ದರಿಂದ ಯಾವ ವೈದ್ಯರ ಬಳಿ ಹೋದರೂ ಈಗಿನ ಮಾತ್ರೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದು ತೋರಿಸಿ. ವೆನ್ಲಾಫ್ಯಾಕ್ಸಿನ್‌ನಂತಹ ಬೇರೆ ಔಷಧಿಗಳಿವೆ. ಅದು ಬಿಸಿಯೇರುವುದನ್ನೂ ಕಡಿಮೆ ಮಾಡುತ್ತದೆ. ಟ್ಯಾಮೋಕ್ಸಿಫೆನನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.

‘ಹುಚ್ಚೇ’ ಎನ್ನುವವರನ್ನು ವಾದದಿಂದ ಗೆಲ್ಲಲಾಗದು. ಅವರು ಈಗಾಗಲೇ ನಂಬಿರುವ ಕ್ಯಾನ್ಸರ್ ವೈದ್ಯರಿಗೆ ಮೊದಲೇ ವಿಷಯ ತಿಳಿಸಿ, ಮುಂದಿನ ತಪಾಸಣೆಯಲ್ಲಿ ನಿದ್ರೆಯ ನೆಪದಿಂದ ವೈದ್ಯರೇ ಮಾತು ತೆಗೆಯುವಂತೆ ಕೇಳಿಕೊಳ್ಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಹಗಲು-ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮೊದಲು ನೀವೇ ಮಾಡಿ. ‘ನಾನು ಇರಲೇಬಾರದಿತ್ತು’ ಎಂಬಂತಹ ಮಾತು ಬಂದರೆ ತಪಾಸಣೆಯ ದಿನಕ್ಕೆ ಕಾಯದೆ, ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಬಿಗಿದ ಆ ಸೆರಗಿನ ಬಗ್ಗೆಯೂ ಯೋಚಿಸಿ. ಸಿಲಿಕಾನ್ ಅಥವಾ ಹತ್ತಿಯ ಕೃತಕ ಸ್ತನವನ್ನು ಒಳಗಿಟ್ಟುಕೊಳ್ಳುವ ವಿಶೇಷ ಬ್ರಾಗಳು ಸಿಗುತ್ತವೆ. ಅಮ್ಮನಿಗೆ ಬೇಕೆನಿಸಿದರೆ, ಅಳತೆ ಕೊಡಲು ಮಗಳಾಗಿ ನೀವೇ ಜೊತೆಗೆ ಹೋಗಿ.