ಚೋಕ್, ಸಫೊಕೇಟ್, ಸ್ಟ್ರ್ಯಾಂಗಲ್: ಮೂರಕ್ಕೂ ‘ಉಸಿರುಗಟ್ಟು’ ಎಂದರೆ ಸಾಕೇ?

ಹೊಗೆ ತುಂಬಿದ ಕೋಣೆಯಲ್ಲಿ ಸಿಲುಕಿದ ಅನುಭವವನ್ನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೀರಿ. ‘ನನಗೆ ಉಸಿರುಗಟ್ಟಿತು’ ಎನ್ನಲು ‘ಸಫೊಕೇಟೆಡ್’ ಸರಿಯೇ, ಇಂಥ ಪದಗಳಿಗೆಲ್ಲ ಒಂದೊಂದು ಕನ್ನಡ ಪದವಿರುವ ಪಟ್ಟಿ ಸಿಕ್ಕೀತೇ ಎಂದು ಕೇಳಿದ್ದೀರಿ. ಆ ‘ಸಫೊಕೇಟೆಡ್’ ಎಂಬ ಪದವನ್ನೇ ನಾನು ಒಮ್ಮೆ ಒಬ್ಬ ತಂದೆಗೆ ಬರೆದು ಕಳುಹಿಸಿದ್ದೆ.

ಆಗ ನಾನು ಒಂದು ಶಿಶುವಿಹಾರದಲ್ಲಿ ಕೆಲಸಕ್ಕಿದ್ದೆ. ಮೂರು ವರ್ಷದ ಹುಡುಗನೊಬ್ಬ ಊಟದ ಹೊತ್ತಿನಲ್ಲಿ ಇಡೀ ದ್ರಾಕ್ಷಿಯೊಂದನ್ನು ಬಾಯಿಗೆ ಹಾಕಿಕೊಂಡು, ಪಕ್ಕದವನ ಮಾತಿಗೆ ನಗಲು ಹೋದ. ನಗು ಅರ್ಧಕ್ಕೇ ನಿಂತಿತು. ಅವನು ಜೋರಾಗಿ ಕೆಮ್ಮಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ, ಏಕೆಂದರೆ ಕೆಮ್ಮು ಬರುತ್ತಿದೆ ಎಂದರೆ ಗಾಳಿ ಇನ್ನೂ ಆಡುತ್ತಿದೆ ಎಂದು ಅರ್ಥ. ಅವನ ಬಾಯಿ ತೆರೆದೇ ಇತ್ತು, ಸದ್ದು ಮಾತ್ರ ಬರುತ್ತಿರಲಿಲ್ಲ. ನನ್ನ ಸಹೋದ್ಯೋಗಿ ಅವನನ್ನು ಮುಂದಕ್ಕೆ ಬಾಗಿಸಿ, ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಬಲವಾಗಿ ಹೊಡೆದರು. ನಾಲ್ಕನೆಯ ಪೆಟ್ಟಿಗೆ ದ್ರಾಕ್ಷಿ ಮೇಜಿನ ಮೇಲೆ ಬಿದ್ದು ಉರುಳಿತು. ಒಂದು ಹಲ್ಲಿನ ಗುರುತು ಬಿಟ್ಟರೆ ಅದರ ಸಿಪ್ಪೆ ಕೂಡ ಒಡೆದಿರಲಿಲ್ಲ. ಹುಡುಗ ದೊಡ್ಡ ದನಿಯಲ್ಲಿ ಅತ್ತ. ಆ ಅಳು ಕೇಳಿದ ಮೇಲೆಯೇ ನನ್ನ ಕೈ ನಡುಗಲು ಶುರುವಾಯಿತು.

ಅದೇ ನಡುಗುವ ಕೈಯಲ್ಲಿ, ಪ್ರಯಾಣದಲ್ಲಿದ್ದ ಅವನ ತಂದೆಗೆ ಸಂದೇಶ ಬರೆದೆ. ಅವರು ಓದುತ್ತಿದ್ದದ್ದು ಇಂಗ್ಲಿಷ್ ಮಾತ್ರ. ‘ಯುವರ್ ಸನ್ ಸಫೊಕೇಟೆಡ್ ವೈಲ್ ಈಟಿಂಗ್. ವಿ ಡಿಡ್ ಎವ್ರಿಥಿಂಗ್ ವಿ ಕುಡ್.’ ಊಟ ಮಾಡುವಾಗ ಮಗುವಿಗೆ ಉಸಿರುಗಟ್ಟಿತು, ನಮ್ಮಿಂದಾದದ್ದನ್ನೆಲ್ಲ ಮಾಡಿದೆವು ಎಂಬುದು ನನ್ನ ಮನಸ್ಸಿನಲ್ಲಿದ್ದ ಮಾತು. ಸಂದೇಶ ತಲುಪಿದ ಸ್ವಲ್ಪ ಹೊತ್ತಿಗೆ ಅವರ ಫೋನಿನ ಸಂಪರ್ಕ ತಪ್ಪಿತು. ಎರಡು ಗಂಟೆಗಳ ನಂತರ ಅವರು ಬಾಗಿಲಿಗೆ ಬಂದು ನಿಂತಾಗ ಹುಡುಗ ಮರದ ತುಂಡುಗಳನ್ನು ಒಂದರ ಮೇಲೊಂದು ಜೋಡಿಸುತ್ತ ಕುಳಿತಿದ್ದ. ಅವರು ಒಳಗೆ ಬರಲಾಗದೆ ಹೊಸ್ತಿಲ ಮೇಲೆಯೇ ಕುಸಿದು ಕುಳಿತರು.

ನನ್ನ ತಪ್ಪು ಏನೆಂಬುದನ್ನು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನೀವೂ ಅದರ ಅಂಚಿನಲ್ಲೇ ನಿಂತಿದ್ದೀರಿ. ಕನ್ನಡದ ‘ಉಸಿರುಗಟ್ಟಿತು’ ಎಂಬುದು ಒಂದು ಸ್ಥಿತಿಯನ್ನು ಹೇಳುತ್ತದೆ. ಆಮೇಲೆ ಉಸಿರು ಮರಳಿತೋ ಇಲ್ಲವೋ ಎಂಬುದನ್ನು ಮುಂದಿನ ವಾಕ್ಯಕ್ಕೆ ಬಿಡುತ್ತದೆ. ಸತ್ತದ್ದನ್ನು ಹೇಳಬೇಕಾದರೆ ನಾವು ‘ಉಸಿರುಗಟ್ಟಿ ಸತ್ತ’ ಎಂದು ಸಾವನ್ನು ಬೇರೆಯಾಗಿಯೇ ಸೇರಿಸುತ್ತೇವೆ. ಇಂಗ್ಲಿಷಿನಲ್ಲಿ ಒಬ್ಬ ವ್ಯಕ್ತಿ ‘ಸಫೊಕೇಟೆಡ್’ ಎಂದು ಭೂತಕಾಲದಲ್ಲಿ ಹೇಳಿ ನಿಲ್ಲಿಸಿದರೆ, ಓದುವವರು ಸಾಮಾನ್ಯವಾಗಿ ಸಾವನ್ನೇ ಗ್ರಹಿಸುತ್ತಾರೆ. ‘ಡ್ರೌನ್ಡ್’ ಕೂಡ ಹಾಗೆಯೇ: ನಮ್ಮಲ್ಲಿ ನೀರಿನಲ್ಲಿ ಮುಳುಗಿದವನು ಮೇಲೆದ್ದು ಬರಬಹುದು, ಅವರಲ್ಲಿ ‘ಡ್ರೌನ್ಡ್’ ಆದವನು ತೀರಿಕೊಂಡವನು. ‘ಚೋಕ್ಡ್ ಆನ್ ಎ ಗ್ರೇಪ್’ ಎಂದು ಬರೆದಿದ್ದರೆ ತಂದೆ ಗಾಬರಿಯಾಗುತ್ತಿದ್ದರು, ಆದರೆ ಬದುಕಿದನೇ ಎಂದು ಕೇಳುವುದಕ್ಕೆ ಆ ಪದದಲ್ಲಿ ಜಾಗವಿರುತ್ತಿತ್ತು. ನಾನು ಆ ಜಾಗವನ್ನು ಮುಚ್ಚಿ, ಅದರ ಮೇಲೆ ಆಸ್ಪತ್ರೆಗಳಲ್ಲಿ ಸಾವಿನ ಸುದ್ದಿಯೊಡನೆ ಬರುವ ಆ ಎರಡನೆಯ ವಾಕ್ಯವನ್ನೂ ಹೇರಿದ್ದೆ. ‘ಹಿ ಈಸ್ ಫೈನ್’ ಎಂಬ ಮೂರು ಪದಗಳನ್ನು ಮೊದಲು ಬರೆಯಬೇಕೆಂಬುದೂ ಹೊಳೆಯಲಿಲ್ಲ. ಮರುದಿನವೇ ಅವರು ಮಗುವನ್ನು ಬಿಡಿಸಿಕೊಂಡು ಹೋದರು. ಪೋಷಕರಿಗೆ ಬರೆಯುವ ಕೆಲಸವನ್ನು ನನ್ನಿಂದ ತೆಗೆದರು, ಕೆಲವು ತಿಂಗಳಲ್ಲಿ ನಾನೇ ಆ ಕೆಲಸ ಬಿಟ್ಟೆ.

ಆದ್ದರಿಂದ ನೀವು ಕೇಳಿದ ಪಟ್ಟಿಯನ್ನು ನಾನು ಕೊಡುವುದಿಲ್ಲ. ನನ್ನ ತಲೆಯಲ್ಲಿ ಇದ್ದದ್ದೂ ಅಂಥದೇ ಪಟ್ಟಿ, ಅದರಲ್ಲಿ ಸಫೊಕೇಟ್ ಎದುರು ಉಸಿರುಗಟ್ಟು ಎಂದಿತ್ತು. ಪದಕ್ಕೆ ಪದ ಹುಡುಕುವ ಬದಲು, ಗಾಳಿ ಎಲ್ಲಿ ತಡೆಯಿತು ಎಂದು ಕೇಳಿಕೊಳ್ಳಿ. ಗಂಟಲಿನ ಒಳಗೆ ಏನೋ ಸಿಕ್ಕಿಕೊಂಡಿದ್ದರೆ ಅದು ಚೋಕ್. ಹೊರಗಿನಿಂದ ಕತ್ತನ್ನು ಹಿಸುಕಿದರೆ ಸ್ಟ್ರ್ಯಾಂಗಲ್. ಅಲ್ಲಿ ಶ್ವಾಸನಾಳದಷ್ಟೇ ಮಿದುಳಿಗೆ ಹೋಗುವ ರಕ್ತನಾಳಗಳೂ ಅದುಮಿಹೋಗುತ್ತವೆ. ಮಾತಿನಲ್ಲಿ ಕತ್ತು ಹಿಸುಕುವುದಕ್ಕೂ ಚೋಕ್ ಎನ್ನುವುದುಂಟು, ಆದರೆ ಆಗ ಹಿಸುಕಿದವರು ಯಾರೆಂಬುದು ವಾಕ್ಯದಲ್ಲಿರುತ್ತದೆ. ಮೂಗು ಬಾಯಿಗಳ ಮೇಲೆ ದಿಂಬು ಅದುಮಿದರೆ ಸ್ಮದರ್. ಸುತ್ತಲಿನ ಗಾಳಿಯೇ ಸಾಲದಾದರೆ ಸಫೊಕೇಟ್, ಆದರೆ ಆ ಪದ ಸ್ಮದರ್ ಇರುವಲ್ಲಿಗೂ ಚಾಚಿಕೊಳ್ಳುತ್ತದೆ. ಆಸ್ಫಿಕ್ಸಿಯೇಟ್ ಎಂಬುದು ಇವೆಲ್ಲದರ ಮೇಲಿನ ವೈದ್ಯಕೀಯ ಪದ. ಗ್ರೀಕ್ ಮೂಲದಲ್ಲಿ ಅದರ ಅರ್ಥ ‘ನಾಡಿಯಿಲ್ಲದಿರುವಿಕೆ’ ಎಂಬುದು ನನಗೆ ಇಂದಿಗೂ ಅಚ್ಚರಿ, ಏಕೆಂದರೆ ಉಸಿರಿನ ಮಾತೇ ಅದರಲ್ಲಿಲ್ಲ.

ಈ ಭೇದ ನಿಘಂಟಿಗಷ್ಟೇ ಸೇರಿದ್ದಲ್ಲ. 1974ರಲ್ಲಿ ಅಮೆರಿಕದ ವೈದ್ಯ ಹೆನ್ರಿ ಹೈಮ್ಲಿಕ್ ಪ್ರಕಟಿಸಿದ, ಹೊಟ್ಟೆಯನ್ನು ಹಿಂದಿನಿಂದ ಒತ್ತುವ ವಿಧಾನ ಚೋಕ್ ಆಗಿರುವವರಿಗಾಗಿ ಇರುವಂಥದ್ದು. ಹೊಗೆಯಿಂದ ಸಫೊಕೇಟ್ ಆಗುತ್ತಿರುವವರನ್ನು ಶುದ್ಧ ಗಾಳಿಗೆ ಕರೆತರಬೇಕು. ಫೋನಿನಲ್ಲಿ ಸಹಾಯ ಕೇಳುವವರು ಯಾವ ಪದ ಬಳಸುತ್ತಾರೋ, ಅತ್ತ ಕಡೆಯವರ ಸೂಚನೆ ಅದನ್ನೇ ಹಿಡಿದು ಬರುತ್ತದೆ.

ಉಸಿರಾಟದ ಉಳಿದ ಪದಗಳಲ್ಲಿ ನಿಮಗೆ ಅಷ್ಟು ಕಷ್ಟವಾಗದು, ಅಲ್ಲಿ ಕನ್ನಡವೇ ಸಮೃದ್ಧವಾಗಿದೆ. ಓಡಿ ಬಂದವನ ಏದುಸಿರು ಪ್ಯಾಂಟ್, ನಿಟ್ಟುಸಿರು ಸೈ, ಉಬ್ಬಸದವರ ಎದೆಯಿಂದ ಬರುವ ಸಿಳ್ಳೆಯಂಥ ಸದ್ದು ವ್ಹೀಜ್. ಬೆಚ್ಚಿದಾಗ ಥಟ್ಟನೆ ಒಮ್ಮೆ ಉಸಿರೆಳೆದುಕೊಳ್ಳುವುದು ಗ್ಯಾಸ್ಪ್. ನೀರು ನೆತ್ತಿಗೆ ಹತ್ತುವುದನ್ನು ಅವರು ‘ವೆಂಟ್ ಡೌನ್ ದ ರಾಂಗ್ ವೇ’ ಎಂದು ಸುತ್ತಿ ಹೇಳಬೇಕಾಗುತ್ತದೆ. ದುಃಖದಿಂದ ಕೊರಳ ಸೆರೆ ಉಬ್ಬಿ ಮಾತು ನಿಂತರೆ ‘ಚೋಕ್ಡ್ ಅಪ್’.

ಇನ್ನು ನಿಮ್ಮ ವಾಕ್ಯ. ‘ಐ ಸಫೊಕೇಟೆಡ್’ ಎಂಬುದನ್ನು ಅಳಿಸಿಬಿಡಿ. ಹೊಗೆ ಗಂಟಲಿಗೆ ಹೊಕ್ಕು ಕೆಮ್ಮು ಬಂದಿದ್ದರೆ ‘ಐ ಚೋಕ್ಡ್ ಆನ್ ದ ಸ್ಮೋಕ್’ ಎಂದು ಬರೆಯಿರಿ. ಕೆಮ್ಮಲೂ ಆಗದಷ್ಟು ಗಾಳಿ ಕಡಿಮೆಯಾಗುತ್ತ ಹೋಗಿದ್ದರೆ ‘ಐ ವಾಸ್ ಸಫೊಕೇಟಿಂಗ್’ ಎನ್ನಬಹುದು. ಆ ರೂಪದಲ್ಲಿ ಕ್ರಿಯೆ ಇನ್ನೂ ಮುಗಿದಿರುವುದಿಲ್ಲ. ಅದರ ಪಕ್ಕದಲ್ಲೇ, ನಿಮ್ಮನ್ನು ಹೊರಗೆ ತಂದದ್ದು ಯಾರು ಎಂಬುದನ್ನೂ ಬರೆಯಿರಿ.